ನಾಳೆ ಇಡೀ ದಿನ ಬಿಸಿಲು

ಮಾರ್ಚ್ ೪

ಗುಮ್ಮಾ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀ ಎಂದು ಕೇಳುವುದಿಲ್ಲ. ಮೈ ಕೆಂಡವಾಗಿದ್ದರೂ ‘ಕ್ಷೇಮ’ ಎಂದೇ ಬರೆಯುವ ಆಸಾಮಿ ನೀನು. ನೇರ ವಿಷಯಕ್ಕೆ ಬರುತ್ತೇನೆ. ನಮ್ಮ ಪುಟ್ಟಿ ಬಸುರಿ. ಜುಲೈ ಕೊನೆಗೆ ಎಂದು ಡಾಕ್ಟರು ಹೇಳಿದ್ದಾರೆ. ನನ್ನ ಮಗಳು ತಾಯಿಯಾಗುತ್ತಾಳೆ, ನಾನು ಅಜ್ಜಿ, ನೀನು ಅಜ್ಜ. ನಿನ್ನ ಗಂಟಲಿಗೆ ಅಜ್ಜನ ಪದವಿ ಹದಿನಾಲ್ಕನೇ ವಯಸ್ಸಿನಿಂದಲೇ ಒಪ್ಪುತ್ತಿತ್ತು, ಈಗ ಅಧಿಕೃತವಾಯಿತು, ಅಷ್ಟೇ.

ಇನ್ನು ಜೋಗುಳದ ಮಾತು. ಅಮ್ಮ ಹಾಕಿಕೊಟ್ಟ ಪದ್ಧತಿಯನ್ನು ನಿನಗೆ ನೆನಪಿಸಬೇಕಾಗಿಲ್ಲ. ನಮ್ಮ ಮನೆಯಲ್ಲಿ ಹುಟ್ಟುವ ಪ್ರತಿ ಮಗುವಿಗೂ ಅದರದೇ ಒಂದು ಜೋಗುಳ. ಒಂದರದ್ದನ್ನು ಇನ್ನೊಂದಕ್ಕೆ ಹಾಡುವಂತಿಲ್ಲ. ದೇವರು ನನಗೆ ರಾಗ ಕೊಟ್ಟ, ನಿನಗೆ ಮಾತು ಕೊಟ್ಟ. ಎರಡನ್ನೂ ಒಬ್ಬರಿಗೇ ಕೊಟ್ಟಿದ್ದರೆ ಕೆಲಸ ಸಲೀಸಾಗುತ್ತಿತ್ತು. ಪುಟ್ಟಿ ಹುಟ್ಟಿದ ದಿನ ಆಸ್ಪತ್ರೆಯ ನಲ್ಲಿ ತೊಟ್ಟಿಕ್ಕುತ್ತಿತ್ತು, ನೀನು ಅದನ್ನೇ ಹಾಡು ಮಾಡಿದೆ. ಅವಳು ಈಗಲೂ ನಲ್ಲಿ ಸೋರಿದರೆ ಆಕಳಿಸುತ್ತಾಳೆ ಎಂದು ಅಳಿಯ ದೂರು ಹೇಳುತ್ತಾನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ ಅಂತಾರೆ. ಕುಲಾವಿ ಬೇಡ, ಹಾಡು ಹೊಲಿಯೋಣ. ರಾಗ ಕಟ್ಟಿ ಕಳಿಸುತ್ತೇನೆ, ಮಾತು ನಿನ್ನದು.

ಫೋನ್ ಮಾಡುವುದನ್ನು ಬಿಟ್ಟುಬಿಡು. ನಾನು ಹಗಲೆಲ್ಲ ಪಿಯಾನೊಗಳಿಗೆ ಶ್ರುತಿ ಕೂಡಿಸಿ ಬಂದಿರುತ್ತೇನೆ, ನೀನು ರೇಡಿಯೊದಲ್ಲಿ ವಾರ್ತೆ ಓದಿ ಬಂದಿರುತ್ತೀ. ಇಬ್ಬರಿಗೂ ಸದ್ದು ಸಾಕಾಗಿರುತ್ತದೆ. ಕಾಗದವಾದರೆ ಮತ್ತೆ ಮತ್ತೆ ಓದಬಹುದು.

ನಿನ್ನವಳು ತೀರಿಹೋಗಿ, ಬರುವ ಮೇ ತಿಂಗಳಿಗೆ ವರ್ಷವಾಗುತ್ತದೆ. ಇದನ್ನು ಹೇಗೆ ಬರೆಯಬೇಕೆಂದು ತೋಚದೆ ಕೊನೆಗೆ ಇಟ್ಟುಕೊಂಡೆ. ಕೊನೆಗೂ ತೋಚಲಿಲ್ಲ.

ಅಕ್ಕ

ಮಾರ್ಚ್ ೧೫

ಅಕ್ಕಾ,

ಕ್ಷೇಮ. (ಬರೆದುಬಿಟ್ಟೆ, ಬೈಯಬೇಡ.)

ಪುಟ್ಟಿಯ ಸುದ್ದಿ ಓದಿ ಸಂತೋಷವಾಗಬೇಕಾಗಿತ್ತು. ಆಗಿದೆ ಎಂದೇ ಅವಳಿಗೆ ಹೇಳು. ಕಾಲು ಜೋಮು ಹಿಡಿದಾಗ ಮುಟ್ಟಿದರೆ ಅದು ಬೇರೆ ಯಾರದೋ ಕಾಲು ಅನ್ನಿಸುತ್ತದಲ್ಲ, ನನಗೆ ಎಲ್ಲವೂ ಹಾಗೆ. ಬೇರೆ ಯಾರದೋ ಸೋದರಸೊಸೆ ಬಸುರಿಯಾದಂತೆ. ನೋವಿಲ್ಲ, ಅದೊಂದು ಅನುಕೂಲ.

ಈ ವಾರ ಒಂದು ದೋಣಿ ಮುಳುಗಿತು. ಎರಡು ಕಾರ್ಖಾನೆಗಳಿಗೆ ಬೀಗ ಬಿತ್ತು. ಮಂತ್ರಿಯೊಬ್ಬರು ಬೆಳಗ್ಗೆ ರಾಜೀನಾಮೆ ಕೊಟ್ಟು ಸಂಜೆ ವಾಪಸ್ ತೆಗೆದುಕೊಂಡರು. ಎಲ್ಲವನ್ನೂ ಒಂದೇ ದನಿಯಲ್ಲಿ ಓದಿದೆ. ರೇಡಿಯೊ ಕೇಂದ್ರದ ನಿರ್ದೇಶಕರು ಬೆನ್ನು ತಟ್ಟಿ, “ನಿಮ್ಮ ದನೀಲಿ ಏನೂ ಗೊತ್ತಾಗಲ್ಲ ಕಣ್ರೀ, ಅದೇ ನಿಮ್ಮ ಶಕ್ತಿ” ಅಂದರು. ಅದು ಹೊಗಳಿಕೆಯೇ, ಅವರ ಮುಖ ನೋಡಿದೆ.

ಅವಳು ಹೋದ ದಿನವೂ ಸಂಜೆ ಹೋಗಿ ಓದಿದೆ. ಓದದೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ, ಹೋದೆ. ನೀನು ಅದನ್ನು ಮರೆತಿಲ್ಲ ಎಂದು ನನಗೆ ಗೊತ್ತು. ಮೊದಲೆಲ್ಲ ವಾರಕ್ಕೆ ಒಂದು ಸಲವಾದರೂ ‘ಇವತ್ತು ಮೂಗು ಕಟ್ಟಿತ್ತು’, ‘ಆ ದೇಶದ ಹೆಸರನ್ನು ಕೊಂದುಹಾಕಿದೆ’ ಎಂದು ಬೈಯುತ್ತಿದ್ದೆ. ತಿಂಗಳುಗಳಿಂದ ಬೈಗುಳವಿಲ್ಲ. ಈಗ ಫೋನೂ ಬೇಡ ಅನ್ನುತ್ತೀ. ಕೋಪವಿದ್ದರೆ ಕೋಪ ಎಂದು ಬರೆ, ನನಗೆ ಊಹೆ ಮಾಡುವ ಶಕ್ತಿ ಉಳಿದಿಲ್ಲ.

ಹಾಡಿನ ಮಾತು ಕೊಡಲಾರೆ. ವಾರ್ತೆಯ ಮಾತುಗಳನ್ನು ಬೇರೆಯವರು ಬರೆದುಕೊಡುತ್ತಾರೆ, ಅದಕ್ಕೆ ಓದುತ್ತೇನೆ. ನನ್ನ ಹತ್ತಿರ ಸ್ವಂತದ್ದು ಏನೂ ಇಲ್ಲ.

ಗುಮ್ಮ

ಮಾರ್ಚ್ ೨೭

ಗುಮ್ಮಾ,

ಯಾವ ಕೋಪ? ಯಾರಿಗೆ? ದಿನಾ ಏಳು ಗಂಟೆಗೆ ರೇಡಿಯೊ ಹಾಕಿಕೊಂಡೇ ಕೂರುತ್ತೇನೆ. ಮೇಲಿಟ್ಟ ಲೋಟದ ನೀರು ಈಗಲೂ ನಿನ್ನ ದನಿಗೆ ನಡುಗುತ್ತದೆ. ಪುಟ್ಟಿ ಚಿಕ್ಕವಳಿದ್ದಾಗ ಆ ನೀರನ್ನು ನೋಡಿ “ಮಾಮ ಬಂದ, ಮಾಮ ಬಂದ” ಎಂದು ಚಪ್ಪಾಳೆ ತಟ್ಟುತ್ತಿದ್ದುದು ನೆನಪಿದೆಯಾ? ಬೈಯುವುದಕ್ಕೆ ತಪ್ಪೇ ಸಿಗುತ್ತಿಲ್ಲ, ನಾನೇನು ಮಾಡಲಿ. ವಯಸ್ಸಾದ ಮೇಲೆ ಸುಧಾರಿಸಿದ್ದೀಯ.

ಇಲ್ಲಿ ನನ್ನ ರಗಳೆ ನನಗೆ. ಸಭಾಂಗಣದ ದೊಡ್ಡ ಪಿಯಾನೊಗೆ ಇಪ್ಪತ್ತು ವರ್ಷದಿಂದ ನಾನೇ ಶ್ರುತಿ ಕೂಡಿಸುತ್ತಿದ್ದೇನೆ. ಮೊನ್ನೆ ಹೊಸ ವಾದಕ ಬಂದಿದ್ದ, ಸೂಟು, ಕೈತುಂಬ ಉಂಗುರ. ಬಲಗಡೆಯ ಕೊನೆಯ ಕೀಗಳನ್ನು ಒತ್ತಿ ನೋಡಿ, “ಇದೇನಮ್ಮಾ, ಗಾಜು ಒಡೆದ ಹಾಗೆ ಕೇಳ್ತಿದೆ” ಅಂದ. ನಾನು ಬಿಡುತ್ತೇನೆಯೇ? “ಕೈ ಭಾರ ಇದ್ರೆ ಹಾಗೇ ಕೇಳೋದು” ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಜಾತಿಯವನು. ವ್ಯವಸ್ಥಾಪಕರು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು.

ರಾಗ ಇದರ ಜೊತೆಗಿದೆ. ಸ್ವರ ಹಾಕಿ, ಕೆಳಗೆ ‘ತಾನ ತಂದಾನ’ ಎಂದು ಅಳತೆ ಕೊಟ್ಟಿದ್ದೇನೆ. ನೀನು ಆ ತಂದಾನದ ಜಾಗದಲ್ಲಿ ಮಾತು ತುಂಬು, ಎಂದಿನ ಹಾಗೆ. ಕೊಡಲಾರೆ, ಒಲ್ಲೆ ಅಂದರೆ ನಾನು ಕೇಳುವವಳಲ್ಲ. ಮಗು ಹಾಡಿಲ್ಲದೆ ಹುಟ್ಟಬಾರದು. ನಮ್ಮಿಬ್ಬರ ಕೈಯಿಂದ ಇದು ಕೊನೆಯದು ಅನ್ನಿಸುತ್ತದೆ, ಯಾಕೆಂದು ಕೇಳಬೇಡ.

ಅಕ್ಕ

ಏಪ್ರಿಲ್ ೧೮

ಅಕ್ಕಾ,

ನಾನು ಸ್ವರ ಓದುವುದರಲ್ಲಿ ಎಷ್ಟು ನಿಪುಣ ಎಂದು ನಿನಗೆ ಗೊತ್ತು. ಸಂಗೀತಕ್ಕೂ ನನಗೂ ಎಣ್ಣೆ ಸೀಗೆಕಾಯಿ. ಸ್ಟುಡಿಯೋದ ಟೆಕ್ನೀಷಿಯನ್ ನಿನ್ನ ರಾಗವನ್ನು ಶಿಳ್ಳೆ ಹಾಕಿ ಕೇಳಿಸಿದ. ಅವನು ಒಳ್ಳೆಯವನು, ಸಾಮಾನ್ಯವಾಗಿ ಏನೂ ಹೇಳುವುದಿಲ್ಲ. ಇದನ್ನು ಮುಗಿಸಿ ಮಾತ್ರ, “ಯಾರಾದ್ರೂ ತೀರ್ಕೊಂಡ್ರಾ ಸಾರ್?” ಅಂದ.

ನಿನ್ನ ರಾಗಗಳು ಯಾವಾಗಲೂ ಮಹಡಿ ಹತ್ತಿ, ಕಿಟಕಿಯಲ್ಲಿ ಇಣುಕಿ, ಕುಣಿಯುತ್ತಾ ಇಳಿದು ಬರುತ್ತಿದ್ದವು. ಇದು ನೆಲ ಬಿಟ್ಟು ಏಳುವುದೇ ಇಲ್ಲ. ಕೆಳಗಿನ ನಾಲ್ಕೈದು ಸ್ವರಗಳಲ್ಲೇ ಓಡಾಡಿ ಕೂತುಬಿಡುತ್ತದೆ. ಅರ್ಥವಾಯಿತು. ನೀನೂ ಅವಳಿಗಾಗಿ ದುಃಖಪಡುತ್ತಿದ್ದೀ, ಬಾಯಿಬಿಟ್ಟು ಹೇಳುತ್ತಿಲ್ಲ. ಅದಕ್ಕೆ ನಾನೂ ಬರೆದೆ, ತಂದಾನದ ಅಳತೆಗೆ ಸರಿಯಾಗಿ:

ಮಲಗು ಮಲಗು, ಎದ್ದು ಮಾಡುವುದೇನಿದೆ,
ದೀಪ ಆರಿದ ಮೇಲೆ ಎಲ್ಲ ಮನೆಯೂ ಒಂದೇ.

ಇಷ್ಟೇ ಬಂತು. ವರ್ಷದಲ್ಲಿ ಮೊದಲ ಸಲ ಬಂದದ್ದು, ಆದ್ದರಿಂದ ಕಳಿಸುತ್ತಿದ್ದೇನೆ.

ಗುಮ್ಮ

ಏಪ್ರಿಲ್ ೨೬

ಇದೇನು ಜೋಗುಳವೋ, ಸಂತಾಪ ಸಭೆಯ ನಿರ್ಣಯವೋ?

ಹೊಟ್ಟೆಯಲ್ಲಿರುವ ಮಗುವಿಗೆ ಎದ್ದು ಮಾಡುವುದೇನಿದೆ ಅನ್ನುತ್ತೀಯಲ್ಲ, ನಿನ್ನ ನಾಲಿಗೆ ಹೇಗೆ ಹೊರಳಿತು? ನಾನು ಆ ರಾಗವನ್ನು ನಗುತ್ತಾ ಕಟ್ಟಿದೆ. ಪುಟ್ಟಿಯ ಹೊಟ್ಟೆಯೊಳಗೆ ಅದು ಒದೆಯುತ್ತಿರುವುದನ್ನು ಕೈಯಿಟ್ಟು ನೋಡಿ ಬಂದು, ಅದೇ ಗುಂಗಿನಲ್ಲಿ ಪಿಯಾನೊ ಮುಂದೆ ಕೂತೆ. ಅದರಲ್ಲಿ ನಿನಗೆ ಹೆಣ ಕಂಡರೆ ಅದು ನಿನ್ನ ಕಣ್ಣಿನ ದೋಷ. ನಿನ್ನ ಟೆಕ್ನೀಷಿಯನ್‌ಗೆ ಶಿಳ್ಳೆ ಬರುವುದಿಲ್ಲ ಎಂದು ಹೇಳು.

ಬೇರೆ ಬರೆ.

ಅಕ್ಕ

ಮೇ ೧೧

ಅಕ್ಕಾ,

ನಿನ್ನೆಯ ವಾರ್ತೆ ಕೇಳಿರುತ್ತೀ. ಅದರ ಬಗ್ಗೆ ನಾನು ಏನೂ ಬರೆಯಲಾರೆ. ಊರಿನವರೆಲ್ಲ ಒಂದೊಂದು ಮಾತು ಆಡಿದ್ದಾರೆ, ಕೆಲವರು ಒಳ್ಳೆಯದನ್ನೇ ಆಡಿದ್ದಾರೆ. ನನಗೆ ನಿನ್ನ ಮಾತು ಬೇಕು. ಬೈದರೂ ಸರಿ, ನಿನ್ನಿಂದ ಒಂದು ಸಾಲು ಬಂದರೆ ಸಾಕು.

ಗುಮ್ಮ

ಮೇ ೧೯

ಗುಮ್ಮಾ,

ಮೊನ್ನೆ ಏಪ್ರಿಲ್‌ನಲ್ಲಿ ಖಾರವಾಗಿ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ವಾರ್ತೆಯನ್ನು ಕೇಳಿದೆ, ಕೇಳದೆ ಏನು. ಎಂದಿನಂತೆ ಚೆನ್ನಾಗಿ ಓದಿದೆ. ಒಂದು ತಡವರಿಕೆ ಇಲ್ಲ, ಎಲ್ಲೂ ಎಡವಲಿಲ್ಲ, ನೀರು ಹರಿದಂತೆ. ಊರಿನವರು ಹೊಗಳಿದ್ದರೆ ನ್ಯಾಯವೇ. ಸುದ್ದಿಗಳು ಮಾತ್ರ ಎಂದಿನ ದರಿದ್ರದವೇ, ಅದಕ್ಕೆ ನೀನೇನು ಮಾಡುತ್ತೀ ಪಾಪ.

ಇಲ್ಲಿ ಸಂಗೀತ ಶಾಲೆಯವರು ಹಳೆಯ ಪಿಯಾನೊಗಳನ್ನು ಮಾರಿ ವಿದ್ಯುತ್ತಿನವು ತರುತ್ತಾರಂತೆ. ಅವಕ್ಕೆ ಶ್ರುತಿ ಕೂಡಿಸುವ ಕೆಲಸವೇ ಇಲ್ಲ, ಗುಂಡಿ ಒತ್ತಿದರೆ ಮುಗಿಯಿತು. ಶಾಲೆಯ ಮೇಡಂ ಇದನ್ನು ನನಗೆ ಬಹಳ ಮೆಲ್ಲಗೆ ಹೇಳಿದರು. ನನಗೆ ಏನೂ ಅನ್ನಿಸಲಿಲ್ಲ. ನಿನ್ನ ಜೋಮು ಅಂಟುರೋಗವಿರಬೇಕು.

ಪುಟ್ಟಿಯನ್ನು ಹೆರಿಗೆಗೆ ಕರೆದುಕೊಂಡು ಬಂದಿದ್ದೇನೆ. ಮುಂದಿನ ಕೋಣೆ ಅವಳಿಗೆ ಕೊಟ್ಟೆ. ಹಾಡಿನ ಮಾತು ಎಲ್ಲಿ?

ಅಕ್ಕ

ಮೇ ೨೭

ಅಕ್ಕಾ,

ಒಂದು ತಡವರಿಕೆ ಇಲ್ಲ ಎಂದು ಬರೆದಿದ್ದೀ. ನಾಲ್ಕು ಸಲ ಓದಿದೆ. ಅಣಕವೋ, ಕರುಣೆಯೋ ಎಂದು ಹುಡುಕಿದೆ. ಎರಡೂ ಕಾಣಲಿಲ್ಲ. ನೀನು ಕೇಳಿಯೇ ಇಲ್ಲ. ನಿಜ ಇಷ್ಟೇ: ನೀನು ರೇಡಿಯೊ ಹಾಕುವುದನ್ನು ಎಂದೋ ಬಿಟ್ಟಿದ್ದೀ, ನನಗೆ ಮಾತ್ರ ದಿನಾ ಕೇಳುತ್ತೇನೆ ಎಂದು ಬರೆಯುತ್ತಿದ್ದೀ.

ಆದದ್ದು ಇದು. ಮೇ ಹತ್ತು ಅವಳು ಹೋದ ದಿನ. ನಾನು ಎಂದಿನಂತೆ ಹೋದೆ. ಗಣಿ ಕುಸಿತ ಓದಿದೆ, ಚುನಾವಣೆ ಓದಿದೆ, ಏನೂ ಆಗಲಿಲ್ಲ. ಕೊನೆಗೆ ಹವಾಮಾನ. ‘ನಾಳೆ ಇಡೀ ದಿನ ಬಿಸಿಲು’ ಎಂದು ಓದಿದೆ. ಅವಳಿಗೆ ನನ್ನ ವಾರ್ತೆಯಲ್ಲಿ ಬೇಕಾಗಿದ್ದದ್ದು ಅದೊಂದೇ ಸಾಲು. “ಸತ್ತೋರ ಸುದ್ದಿ ನಂಗ್ಯಾಕೆ, ನಾಳೆ ಬಟ್ಟೆ ಒಣಗುತ್ತೋ ಇಲ್ವೋ ಅಷ್ಟು ಹೇಳಿ” ಅನ್ನುತ್ತಿದ್ದಳು. ನಾನು ಮನೆಗೆ ಬರುವಷ್ಟರಲ್ಲಿ ಬಟ್ಟೆ ನೆನೆಸಿರುತ್ತಿದ್ದಳು. ಆ ಸಾಲು ಓದಿದ ಮೇಲೆ ಮುಂದಿನ ಸಾಲು ಕಾಗದದ ಮೇಲೆ ಇತ್ತು, ಕಣ್ಣಿಗೆ ಕಾಣುತ್ತಿತ್ತು, ಬಾಯಿಗೆ ಬರಲಿಲ್ಲ. ಬಾಯಿ ತೆರೆದು ಸುಮ್ಮನೆ ಕೂತಿದ್ದೆನಂತೆ. ಟೆಕ್ನೀಷಿಯನ್ ಗಾಜಿನಾಚೆಯಿಂದ ಕೈ ಬೀಸಿದ, ಕೊನೆಗೆ ಏನೋ ವಾದ್ಯಸಂಗೀತ ಹಾಕಿ ಮುಚ್ಚಿದ. ದೇಶವೆಲ್ಲ ಕೇಳಿದ್ದು ನನ್ನ ಮೌನವನ್ನು. ಎಲ್ಲರೂ ಕೇಳಿದರು, ನಿನ್ನೊಬ್ಬಳನ್ನು ಬಿಟ್ಟು.

ಇಷ್ಟು ವರ್ಷ ನಾನು ಓದುತ್ತಿದ್ದದ್ದು ಇಬ್ಬರಿಗೆ. ಒಬ್ಬಳಿಗೆ ಹವಾಮಾನ, ಇನ್ನೊಬ್ಬಳಿಗೆ ನನ್ನ ತಪ್ಪು. ಉಳಿದವರೆಲ್ಲ ಲೆಕ್ಕಕ್ಕಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಹಾಡು ಗೀಡು ಇನ್ನು ಕೇಳಬೇಡ.

ಗುಮ್ಮ

ಜೂನ್ ೫

ಗುಮ್ಮಾ,

ಕೋಣ ಅಂದೆಯಲ್ಲ, ಸರಿಯಾಗಿಯೇ ಅಂದೆ. ನನಗೆ ಕೇಳಿಸುವುದಿಲ್ಲ.

ಹೋದ ವರ್ಷ ಶುರುವಾದದ್ದು. ಮೊದಲು ಮೇಲಿನ ಸ್ವರಗಳು ಹೋದವು. ಬಲಗಡೆಯ ಕೊನೆಯ ಕೀ ಒತ್ತಿದರೆ ಮರಕ್ಕೆ ಬೆರಳು ಬಡಿದ ಟಕ್ ಮಾತ್ರ. ಆಮೇಲೆ ಬಾಗಿಲ ಗಂಟೆ, ಆಮೇಲೆ ಫೋನು. ಈಗ ಎದುರಿಗೆ ಕೂತು ಮಾತಾಡಿದರೆ ತುಟಿ ನೋಡಿ ಅರ್ಧ, ಊಹಿಸಿ ಅರ್ಧ. ನರ ಸೋತಿದೆ, ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಒಂದು ಯಂತ್ರ ಕೊಟ್ಟರು. ಹಾಕಿಕೊಂಡರೆ ಮಾತು ಕೇಳುತ್ತದೆ, ತಗಡಿನ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ. ಸಂಗೀತವಂತೂ ಆ ದೇವರಿಗೇ ಪ್ರೀತಿ. ಅದು ಮೇಜಿನ ಖಾನೆಯಲ್ಲಿ ಬಿದ್ದಿದೆ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಬರುವ ಶ್ರುತಿಗಾರ್ತಿಯನ್ನು ಯಾರು ಒಳಗೆ ಬಿಡುತ್ತಾರೆ?

ರಾಗ ಯಾಕೆ ಮಹಡಿ ಹತ್ತಲಿಲ್ಲ ಎಂದು ಕೇಳಿದೆಯಲ್ಲ. ನನಗೆ ಮಹಡಿಯೇ ಇಲ್ಲ ಕಣೋ. ಕೆಳಗಿನ ನಾಲ್ಕೈದು ಸ್ವರ ಮಾತ್ರ ಉಳಿದಿವೆ, ಇದ್ದಷ್ಟರಲ್ಲೇ ಖುಷಿಯಾಗಿ ಓಡಾಡಿದೆ. ನಿನಗೆ ಅದು ಶೋಕವಾಗಿ ಕೇಳಿಸಿತು. ನಿನ್ನ ತಪ್ಪಲ್ಲ. ಗಾಜು ಒಡೆದ ಹಾಗಿದೆ ಎಂದ ಆ ಉಂಗುರದ ವಾದಕನದ್ದೂ ತಪ್ಪಲ್ಲ. ಅವನು ಹೇಳಿದ್ದು ನಿಜ, ನಾನು ಕಿವಿಯಿಲ್ಲದೆ ಅಂದಾಜಿನ ಮೇಲೆ ತಿರುಗಿಸಿದ್ದೆ. ಕುಣಿಯಲಾರದವಳು ನಾನೇ.

ನಿನ್ನ ಕಾಗದ ಬಂದ ದಿನ ಪುಟ್ಟಿಯನ್ನು ನಿಲ್ಲಿಸಿ, ಮಾಮ ವಾರ್ತೆಯ ನಡುವೆ ನಿಂತುಹೋದದ್ದು ನಿನಗೆ ಗೊತ್ತಿತ್ತಾ ಎಂದು ಕೇಳಿದೆ. “ಅಮ್ಮಾ, ಮೂಲೆ ಇಸ್ತ್ರಿ ಅಂಗಡಿಯವನಿಗೂ ಗೊತ್ತು. ನೀನು ಕೇಳಿರ್ತೀಯ, ನೀನಾಗೇ ಮಾತೆತ್ಲಿ ಅಂತ ಸುಮ್ನಿದ್ದೆ” ಅಂದಳು. ಎಲ್ಲರೂ ಒಬ್ಬರಿಗೊಬ್ಬರು ಸುಮ್ಮನಿದ್ದೆವು. ಅವಳಿಗೂ ಆ ಹೊತ್ತಿನಲ್ಲೇ ಹೇಳಿದೆ, ನನ್ನ ಕಿವಿಯ ಸಂಗತಿ. ಅವಳು ಅತ್ತಳು. ನಾನು ಅಳಲಿಲ್ಲ, ಅವಳು ಅಳುವುದನ್ನು ನೋಡುತ್ತಿದ್ದೆ. ಸದ್ದಿಲ್ಲದೆ ಅಳುವವರನ್ನು ನೋಡುವುದು ಒಂದು ವಿಚಿತ್ರ.

ನಿನಗೆ ಸುಳ್ಳು ಹೇಳಿದ್ದು ಯಾಕೆಂದರೆ, ನಿನಗೆ ಹೆಂಡತಿ ಹೋಗಿ ಕೇಳುವವಳೊಬ್ಬಳು ಕಡಿಮೆಯಾಗಿದ್ದಳು. ಇನ್ನೊಬ್ಬಳೂ ಹೋದಳು ಎಂದು ಹೇಗೆ ಬರೆಯಲಿ? ಆ ದಿನ ನಿನ್ನ ಬಾಯಿ ಕಟ್ಟಿತಲ್ಲ, ನಾನು ಕೇಳಬೇಕಾಗಿತ್ತು. ಕೇಳಿದ್ದರೆ ಬಸ್ಸು ಹತ್ತಿ ಬಂದುಬಿಡುತ್ತಿದ್ದೆ. ಅದೊಂದು ಸಂಕಟ ನನಗೆ ಹೋಗುವುದಿಲ್ಲ.

ಅಕ್ಕ

ಜೂನ್ ೧೪

ಅಕ್ಕಾ,

ಕೋಣ ಎಂದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ, ಆ ಮಂತ್ರಿಯ ರಾಜೀನಾಮೆಯ ಹಾಗೆ. ನಾಚಿಕೆಯಾಗುತ್ತಿದೆ. ಅಷ್ಟಾದರೂ ಆಗುತ್ತಿದೆಯಲ್ಲ ಎಂದು ಒಂದು ಕಡೆ ಸಮಾಧಾನ.

ಯಂತ್ರವನ್ನು ಖಾನೆಯಿಂದ ತೆಗೆ. ಪುಟ್ಟಿಗೆ ಸರಿರಾತ್ರಿಯಲ್ಲಿ ನೋವು ಬಂದು ಕರೆದರೆ ನಿನಗೆ ಕೇಳಬೇಕು. ಸಂಗೀತಕ್ಕೆ ಬೇಡ, ಅವಳಿಗೆ ಹಾಕಿಕೋ.

ನನ್ನ ಬಗ್ಗೆ ಚಿಂತೆ ಬೇಡ. ಆ ದಿನದ್ದನ್ನು ಎಲ್ಲರೂ ಮರೆತಿದ್ದಾರೆ, ಈಗ ಎಂದಿನಂತೆ ದಿನಾ ಓದುತ್ತಿದ್ದೇನೆ. ದನಿ ಸ್ವಲ್ಪ ಇನ್ನೂ ಕೆಳಗಿಳಿಸಿ ಓದುತ್ತೇನೆ, ನಿನಗೆ ಏನಾದರೂ ತಾಗಬಹುದು.

ಗುಮ್ಮ

ಜೂನ್ ೨೬

ಗುಮ್ಮಾ,

ಯಂತ್ರ ಹಾಕಿಕೊಂಡೆ. ಮನೆಯಲ್ಲಿ ಇಷ್ಟು ಸದ್ದಿದೆ ಎಂದು ಮರೆತಿದ್ದೆ. ಚಪ್ಪಲಿ ಸದ್ದು, ಕವರಿನ ಸದ್ದು, ಪುಟ್ಟಿ ಹಪಹಪಿಸಿ ತಿನ್ನುವ ಸದ್ದು. ಸಭಾಂಗಣಕ್ಕೆ ಹೋಗಿ ವ್ಯವಸ್ಥಾಪಕರ ಎದುರು ಕೂತು, “ನಂಗೆ ಕಿವಿ ಹೋಗಿದೆ, ಬೇರೆಯವರನ್ನ ನೋಡ್ಕೊಳ್ಳಿ” ಅಂದೆ. ಅವರಿಗೆ ಜೀವ ಬಂತು. ಮೂರು ತಿಂಗಳಿಂದ ಅದನ್ನು ಹೇಗೆ ಹೇಳುವುದೆಂದು ಅವರೂ ಒದ್ದಾಡುತ್ತಿದ್ದರಂತೆ. ಪಿಯಾನೊ ಒಳಗಿನ ಸುತ್ತಿಗೆಗಳ ಬಟ್ಟೆ ಬದಲಿಸುವುದು, ಮರದ ರಿಪೇರಿ, ಇವಕ್ಕೆ ಕಿವಿ ಬೇಡ, ಅಷ್ಟನ್ನು ನೀವೇ ಮಾಡಿ ಎಂದರು. ಹೂಂ ಎಂದು ಬಂದೆ. ಶ್ರುತಿ ಕೀಲಿಯನ್ನು ಅಲ್ಲೇ ಮೇಜಿನ ಮೇಲಿಟ್ಟೆ. ಹೊರಗೆ ಬಂದ ಮೇಲೆ ಚೀಲ ಹಗುರವಾಗಿತ್ತು, ಅದೊಂದು ಸರಿ ಬರಲಿಲ್ಲ.

ಈಗ ನಿನ್ನ ವಿಷಯ. ಯಂತ್ರ ಹಾಕಿದರೂ ರೇಡಿಯೊ ನನಗೆ ಬರೀ ಗರಗರ. ಹಾಗಾಗಿ ಹಳೆಯ ಉಪಾಯ ಮಾಡಿದೆ. ಏಳಕ್ಕೆ ರೇಡಿಯೊ ಹಾಕಿ ಮೇಲೆ ನೀರಿನ ಲೋಟ ಇಟ್ಟೆ. ನೀರು ಅಲ್ಲಾಡಲಿಲ್ಲ. ಮರದ ಮೇಲೆ ಅಂಗೈ ಇಟ್ಟೆ. ಏನೋ ಚುರುಕಾಗಿ, ತೆಳ್ಳಗೆ ಕಚಗುಳಿ ಇಟ್ಟಂತೆ ಇತ್ತು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಪುಟ್ಟಿ ಏಳು ಗಂಟೆಗೆ ಸರಿಯಾಗಿ ತಿರುಗಾಡಲು ಹೋಗುತ್ತಾಳೆ, ಓದುತ್ತಿರುವುದು ಯಾರು ಎಂದು ನಾನು ಕೇಳಿಬಿಡುತ್ತೇನೆ ಎಂಬ ಹೆದರಿಕೆಗೆ.

ಅದು ನೀನಲ್ಲ. ಯಾರೋ ಹುಡುಗಿ ಓದುತ್ತಿದ್ದಾಳೆ. ಕಿವುಡಿಗೆ ಸುಳ್ಳು ಹೇಳಿದೆಯಲ್ಲೋ, ನಮ್ಮ ವಂಶಕ್ಕೇ ಬಂದ ಗುಣ. ಏನಾಯಿತು ಬರೆ.

ಅಕ್ಕ

ಜುಲೈ ೮

ಅಕ್ಕಾ,

ಸಿಕ್ಕಿಬಿದ್ದೆ.

ಮೇ ಹನ್ನೊಂದರಿಂದ ನಾನು ಓದಿಲ್ಲ. ನಿರ್ದೇಶಕರು ಕರೆದು, “ಮಾತು ಬೆಳ್ಳಿ ಮೌನ ಬಂಗಾರ, ಎಲ್ಲಾ ಸರಿ, ಆದ್ರೆ ರೇಡಿಯೊಗೆ ಬೆಳ್ಳೀನೇ ಬೇಕು ಕಣ್ರೀ” ಅಂದರು. ತಮಾಷೆ ಮಾಡಿ ಹೇಳಿದರೆ ನೋವು ಕಡಿಮೆ ಎಂದು ಭಾವಿಸಿದ್ದರು, ಒಳ್ಳೆಯ ಮನುಷ್ಯ. ರಜೆ ಎಂದರು. ನಿನಗೆ ಹೇಳಲಿಲ್ಲ. ನೀನು ಕೇಳುತ್ತಿಲ್ಲ ಎಂದು ಸಿಟ್ಟು ಮಾಡಿಕೊಂಡವನು, ನಾನೇ ಓದುತ್ತಿಲ್ಲ ಎಂದು ಯಾವ ಮುಖದಿಂದ ಬರೆಯಲಿ? ಹಗಲೆಲ್ಲ ಮನೆಯಲ್ಲಿರುತ್ತೇನೆ. ಸಂಜೆ ಏಳಕ್ಕೆ ಅಂಗಿ ಬದಲಿಸಿ ಕುರ್ಚಿಯಲ್ಲಿ ಕೂರುತ್ತೇನೆ, ಅಭ್ಯಾಸ.

ನಿನ್ನ ಕಾಗದ ಬಂದ ದಿನ, ನೀನು ಲೋಟ ಇಟ್ಟುಕೊಂಡು ಆ ಹುಡುಗಿಯ ದನಿಯಲ್ಲಿ ನನ್ನನ್ನು ಹುಡುಕಿದ್ದು ಓದಿ, ಹೋಗಿ ನನ್ನವಳ ಬಟ್ಟೆಯ ಬೀರು ತೆರೆದೆ. ವರ್ಷದಿಂದ ತೆರೆದಿರಲಿಲ್ಲ. ಎಲ್ಲವನ್ನೂ ಒಗೆದು ಹಿತ್ತಲ ಹಗ್ಗಕ್ಕೆ ಹಾಕಿದೆ. ಕ್ಲಿಪ್ಪು ಸಾಲದೆ ಪಕ್ಕದ ಮನೆಯಿಂದ ತಂದೆ. ಸಂಜೆಗೆ ಒಣಗಿದವು. ಮಡಿಸುತ್ತಾ ಅತ್ತೆ. ಜೋಮು ಬಿಡುವಾಗ ಸೂಜಿ ಚುಚ್ಚಿದ ಹಾಗಾಗುತ್ತದಲ್ಲ, ಅಷ್ಟು. ಬಹಳ ಹೊತ್ತಲ್ಲ, ಅರ್ಧ ಮಡಿಸುವಷ್ಟರಲ್ಲಿ ಮತ್ತೆ ಮೊದಲಿನಂತಾದೆ. ಆಮೇಲೆ ನಿನ್ನ ರಾಗದ ಹಾಳೆ ತೆಗೆದು ಕೂತೆ. ಅದು ಶೋಕವಲ್ಲ, ನೀನು ಹೇಳಿದ ಮೇಲೆ ನನಗೂ ಗೊತ್ತಾಯಿತು. ಮನೆಯೊಳಗೆ ಬರಿಗಾಲಲ್ಲಿ ಓಡಾಡುವ ರಾಗ.

ನಾಳೆ ಬಿಸಿಲು, ಕಂದಾ, ನಾಳೆ ಬಿಸಿಲು,
ಹಗ್ಗದ ಮೇಲೆ ನಿನ್ನ ಅಂಗೈಯಗಲದ ಅಂಗಿ,
ಒಣಗಲಿ ಬಿಡು, ನೀನು ಮಲಗು.
ಊರ ಸುದ್ದಿ ಊರಿಗಿರಲಿ,
ನಮ್ಮ ಮನೆಯ ಸುದ್ದಿ ಇಷ್ಟೇ:
ನಾಳೆ ಬಿಸಿಲು, ಕಂದಾ, ನಾಳೆ ಬಿಸಿಲು.

ತಂದಾನಕ್ಕೆ ಕೂರುತ್ತದೆಯೇ ನೋಡು. ಮೂರನೇ ಸಾಲಿನಲ್ಲಿ ಒಂದು ಅಕ್ಷರ ಕಡಿಮೆ ಬಿದ್ದಿದೆ, ಅಲ್ಲಿ ಎಳೆದುಕೋ.

ನಿರ್ದೇಶಕರು ಹೇಳಿಕಳಿಸಿದ್ದಾರೆ. ವಾರ್ತೆ ಆ ಹುಡುಗಿಯೇ ಓದುತ್ತಾಳೆ, ಕೊನೆಯ ಹವಾಮಾನ ಬೇಕಾದರೆ ನೀವು ಓದಿ ಎಂದರು. ಕೆಳಗಿಳಿಸುವುದೇ, ಬೇರೆ ಹೆಸರಿಲ್ಲ. ಆಗಸ್ಟ್‌ನಿಂದ ಬರುತ್ತೇನೆ ಎಂದೆ. ಅದಕ್ಕಿಂತ ಮೊದಲು ನಿನ್ನಲ್ಲಿಗೆ ಬರುತ್ತೇನೆ. ಮುಂದಿನ ಕೋಣೆ ಪುಟ್ಟಿಗೆ ಕೊಟ್ಟಿದ್ದೀಯ, ನನಗೆ ಪಿಯಾನೊ ಕೆಳಗೆ ಒಂದು ಚಾಪೆ ಸಾಕು.

ಗುಮ್ಮ

ಆಗಸ್ಟ್ ೧೪

ಗುಮ್ಮಾ,

ನೀನು ಹೋದ ಮೇಲೆ ಮನೆ ಖಾಲಿ ಎಂದು ಬರೆದರೆ ಉಬ್ಬಿಹೋಗುತ್ತೀ. ಖಾಲಿ ಏನಿಲ್ಲ, ಮಗು ಇದೆ. ಪುಟ್ಟಿಗೆ ನಿದ್ದೆಯಿಲ್ಲ, ಅಳಿಯ ಬಂದು ಮಗುವನ್ನು ಹಾಲಿನ ಪಾತ್ರೆ ಹಿಡಿದ ಹಾಗೆ ಹಿಡಿಯುತ್ತಾನೆ. ನನಗೆ ರಾತ್ರಿ ಯಂತ್ರ ತೆಗೆದಿಟ್ಟರೆ ಸೊಗಸಾದ ನಿದ್ದೆ. ಕಿವುಡಿನಲ್ಲೂ ಒಂದು ಸುಖವಿದೆ, ಯಾರಿಗೂ ಹೇಳಬೇಡ.

ನೀನಿದ್ದಾಗ ಹೇಳದೆ ಉಳಿದ ಒಂದು ಮಾತಿದೆ. ಆಸ್ಪತ್ರೆಯಿಂದ ಬಂದ ದಿನ ಮಗು ಒಂದೇ ಸಮ ಅಳುತ್ತಿತ್ತು. ಹಾಡಬೇಕಾದವಳು ನಾನು. ಬಾಯಿ ತೆರೆದೆ, ನನ್ನ ದನಿ ಎಲ್ಲಿಗೆ ಹೋಗುತ್ತಿದೆ ಎಂದು ನನಗೇ ಗೊತ್ತಾಗಲಿಲ್ಲ, ನಿಲ್ಲಿಸಿಬಿಟ್ಟೆ. ಆಗ ನೀನು ಮಗುವನ್ನು ಎತ್ತಿ ಎದೆಗೆ ಹಾಕಿಕೊಂಡು ಹಾಡಿದೆ. ಐವತ್ತು ದಾಟಿದ ಮೇಲೆ, ಜೀವಮಾನದಲ್ಲಿ ಮೊದಲ ಸಲ. ಪುಟ್ಟಿ ಬಿದ್ದು ಬಿದ್ದು ನಕ್ಕಳು. “ಅಮ್ಮಾ, ಒಂದು ಸ್ವರಾನೂ ಜಾಗದಲ್ಲಿಲ್ಲ” ಅಂದಳು. ನನಗೆ ಸ್ವರ ಕೇಳಿಸಲಿಲ್ಲ, ನನ್ನ ಪುಣ್ಯ.

ನಾನು ನಿನ್ನ ಹಿಂದೆ ನಿಂತಿದ್ದೆ. ಬೆನ್ನ ಮೇಲೆ ಕೈ ಇಟ್ಟೆ, ನಿನಗೆ ಗೊತ್ತಾಯಿತೋ ಇಲ್ಲವೋ. ಅಂಗೈಗೆ ಎಲ್ಲವೂ ಬಂತು. ನಾಳೆ ಬಿಸಿಲು ಬಂತು, ಹಗ್ಗ ಬಂತು, ಮೂರನೇ ಸಾಲಿನಲ್ಲಿ ನೀನು ಎಳೆದದ್ದೂ ಬಂತು. ಮುಂದೆ ನಿನ್ನ ಎದೆಗೆ ಕಿವಿ ಹಚ್ಚಿಕೊಂಡು ಮಗು ಸುಮ್ಮನಾಯಿತು, ಹಿಂದೆ ಕೈ ಹಚ್ಚಿಕೊಂಡು ನಾನೂ ಸುಮ್ಮನಾದೆ. ರಾಗ ನನ್ನದು ಎಂದು ನನಗೆ ಗುರುತು ಸಿಕ್ಕಿತು. ಆ ದಿನದಿಂದ ನನಗೆ ಮತ್ತೇನೂ ಬೇಕು ಅನ್ನಿಸಿಲ್ಲ. ಇದು ಸಂತೋಷವೋ, ಮರಗಟ್ಟಿದ್ದೋ ಎಂದು ಇನ್ನೂ ತಿಳಿದಿಲ್ಲ. ಇರಲಿ.

ನಿನ್ನೆ ಏಳಕ್ಕೆ ಅಲ್ಲ, ಏಳೂಕಾಲಿಗೆ, ಹುಡುಗಿಯ ಕಚಗುಳಿ ಮುಗಿದ ಮೇಲೆ, ಲೋಟದ ನೀರು ನಡುಗಿತು. ಸ್ವಲ್ಪವೇ ಹೊತ್ತು. ಪುಟ್ಟಿಯ ಭುಜ ಹಿಡಿದು “ಏನಂದ, ಏನಂದ?” ಎಂದು ಕೇಳಿದೆ. “ನಾಳೆ ಬೆಳಗ್ಗೆಯಿಂದ ಮಳೆಯಂತೆ” ಅಂದಳು. ನೀನು ಬಿಟ್ಟುಹೋದ ನೀಲಿ ಅಂಗಿ ಮಗುವಿನ ಬಟ್ಟೆಗಳ ಜೊತೆ ಹಗ್ಗದ ಮೇಲಿತ್ತು. ಹೋಗಿ ಎಲ್ಲವನ್ನೂ ಒಳಗೆ ತಂದೆ.

ಅಕ್ಕ